ಬಿಳಿ ಗೆರೆಯೂ ಒರಳುಕಲ್ಲೂ

ಕಂಚಿಕೊಪ್ಪಲು ಅಂತ ಒಂದು ಊರು. ಅಲ್ಲಿನ ದೊಡ್ಡ ರಸ್ತೇಲಿ ಕಾರುಗಳು ಎಂಥಾ ಓಟ ಓಡ್ತಿದ್ವು ಅಂದ್ರೆ, ಪಕ್ಕದಲ್ಲಿ ಮೇಯ್ತಿದ್ದ ಎಮ್ಮೆಯ ಬಾಲ ಗಾಳಿಗೆ ಅಡ್ಡಡ್ಡ ನಿಂತಿದ್ದು ಇವತ್ತಿಗೂ ಕೆಳಗಿಳಿದಿಲ್ಲ. ನಂಬದವರು ಹೋಗಿ ನೋಡ್ಕೊಂಡು ಬನ್ನಿ.

ಆ ರಸ್ತೇಲೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸೈಕಲ್ ತುಳ್ಕೊಂಡು ಕೆಲಸಕ್ಕೆ ಹೋಗ್ಬೇಕು. ಕಾರು ಗುದ್ದಿ ಒಬ್ಬಳ ಕಾಲು ಮುರಿದ ಮೇಲೆ, ಸೈಕಲ್‌ಗೇ ಬೇರೆ ದಾರಿ ಮಾಡೋದು ಅಂತ ತೀರ್ಮಾನ ಆಯ್ತು. ಕೆಲಸ ಇಂಜಿನಿಯರ್ ಶಿವನಂಜಪ್ಪನವರ ಪಾಲಿಗೆ ಬಂತು.

ಕಾಲು ಮುರ್ಕೊಂಡವಳ ಅತ್ತಿಗೆ ದೇವೀರಮ್ಮ ಅವರ ಹತ್ರ ಹೋದ್ಲು. "ಸಾರ್, ಮಧ್ಯೆ ಒಂದು ಮೊಳ ಎತ್ತರ ಕಟ್ಟೆ ಕಟ್ಟಿಸ್ಬಿಡಿ. ಕಾರು ಈ ಕಡೆ ಬರ್ದಂಗೆ."

ಶಿವನಂಜಪ್ಪ ನಕ್ಕರು. "ಕಟ್ಟೆ ಕಟ್ಟಿದ್ರೆ ಕಾರು ನಿಲ್ಸೋದೆಲ್ಲಿ, ನಮ್ಮನೆ ಅಟ್ಟದ ಮೇಲಾ? ಬಿಳಿ ಗೆರೆ ಎಳೀತೀನಿ ಬಿಡಮ್ಮ. ಕಾರು ಓಡ್ಸೋರಿಗೆ ಕಣ್ಣಿಲ್ವಾ?"

"ಕಣ್ಣೇನೋ ಇದೆ ಸಾರ್. ನಮ್ಮುಡುಗಿಗೆ ಗುದ್ದಿದವನಿಗೂ ಇತ್ತು," ಅಂದ್ಲು ದೇವೀರಮ್ಮ.

ಗೆರೆ ಎಳೆದ್ರು. ಏನು ಗೆರೆ ಅಂತೀರಿ! ಅದರ ಬಿಳುಪು ನೋಡಿ ಕೊಕ್ಕರೆಗಳು ನಾಚ್ಕೊಂಡು ಊರ ಕೆರೆ ಬಿಟ್ಟು ಹೋದ್ವಂತೆ.

ಉದ್ಘಾಟನೆಗೆ ಶಾಮಿಯಾನ ಹಾಕಿದ್ರು, ಮೈಕ್ ಕಟ್ಟಿದ್ರು. ದೇವೀರಮ್ಮ, ಅವಳ ಜೊತೆಯವರು ಸೈಕಲ್ ಹಿಡ್ಕೊಂಡು ಸಾಲಾಗಿ ನಿಂತಿದ್ರು. ಶಿವನಂಜಪ್ಪ ಹಾರ ಹಾಕಿಸ್ಕೊಂಡು, "ನಮ್ಮ ಅಕ್ಕತಂಗಿಯರು ಇನ್ಮೇಲೆ ಕಣ್ಣು ಮುಚ್ಕೊಂಡು ಹೋಗ್ಬಹುದು..." ಅಂತ ಭಾಷಣ ಬಿಗೀತಿದ್ರು.

ಅಷ್ಟರಲ್ಲಿ ಅವರ ಮಗಳು ಇಂಚರ ತನ್ನ ಹೊಸ ಸೈಕಲ್ ಹತ್ತಿದ್ಲು. "ಅಪ್ಪಾ, ನಿನ್ನ ದಾರೀಲಿ ಮೊದಲು ನಾನೇ!"

ಅದೇ ಹೊತ್ತಿಗೆ ಒಂದು ಕಾರು ಮುಂದಿದ್ದ ಲಾರೀನ ಹಿಂದೆ ಹಾಕೋಕೆ ಗೆರೆ ದಾಟ್ಕೊಂಡು ಸೊಂಯ್ ಅಂತ ಹೋಯ್ತು.

"ಅಯ್ಯೋ ಬೇಡ ಮಗಳೇ! ಇಳಿ! ಆ ಗೆರೆ ನಂಬ್ಕೊಂಡು ಹೋದ್ರೆ ಸತ್ತೇ ಹೋಗ್ತೀಯ!"

ಮೈಕ್ ಬಾಯಿ ಮುಂದೇನೇ ಇತ್ತು. ಅಪ್ಪನ ಕೂಗು ಊರಿಗೆಲ್ಲಾ ಕೇಳಿಸ್ತು. ಮೂರು ಊರಾಚೆ ತಾಳಿ ಕಟ್ತಿದ್ದ ಮದುಮಗನ ಕೈ ನಿಂತೇ ಹೋಯ್ತಂತೆ. ಆದ್ರೆ ಶಾಮಿಯಾನದಲ್ಲಿ ಯಾರೂ ನಗಲಿಲ್ಲ.

ಇಂಚರ ಇಳಿದು, ಆ ಹೆಂಗಸರ ಸಾಲು ನೋಡಿದ್ಲು. "ಅಪ್ಪಾ, ನಾನು ಹೋಗ್ಬಾರ್ದು... ಈ ಆಂಟಿಯರು ಹೋಗ್ಬಹುದಾ?"

ಶಿವನಂಜಪ್ಪನವರಿಗೆ ಕುತ್ತಿಗೆಯ ಹಾರ ನೊಗದಷ್ಟು ಭಾರ ಆಯ್ತು. ದೇವೀರಮ್ಮ ನಾಲ್ಕು ಮಾತು ಬೈದಿದ್ರೆ ತಡ್ಕೊಬಹುದಿತ್ತು. ಅವಳು ಬೈಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, "ಶಿಫ್ಟಿಗೆ ಹೊತ್ತಾಯ್ತು, ನಡೀರೇ," ಅಂತ ಅದೇ ದಾರೀಲಿ ತುಳ್ಕೊಂಡು ಹೋದ್ಲು. ಅವರೆಲ್ಲಾ ಕಣ್ಮರೆ ಆಗೋವರೆಗೂ ಇಂಜಿನಿಯರ್ ತಲೆ ಎತ್ತಲಿಲ್ಲ.

ಮನೆಗೆ ಹೋದವರು ಊಟಕ್ಕೂ ಕೂರಲಿಲ್ಲ. ಸೀದಾ ಹಿತ್ತಲಿಗೆ ಹೋದ್ರು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಅವ್ವನ ಒರಳುಕಲ್ಲು ಅಲ್ಲಿತ್ತು. ಎಸೆಯೋಕೆ ಮನಸ್ಸಿಲ್ಲ, ರುಬ್ಬೋಕೆ ರಟ್ಟೆಯಿಲ್ಲ. ಎಲ್ಲರ ಹಿತ್ತಲಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ಅದನ್ನ ಉರುಳಿಸ್ಕೊಂಡು ಬಂದು ಗೆರೆ ಮೇಲೆ ಕೂರಿಸಿದ್ರು.

"ಏನ್ ಸಾರ್, ರಸ್ತೇಲಿ ದೋಸೆ ಹಿಟ್ಟಾ?" ಅಂದ ಬೀಡಾ ಅಂಗಡಿ ಮಾದಪ್ಪ.

"ಕಟ್ಟೆ ಕಟ್ಟಿಸೋವರೆಗೂ ಇದೇ ಕಟ್ಟೆ. ನಿಮ್ಮನೇಲೂ ಇದ್ರೆ ಕೊಡಪ್ಪ," ಅಂದ್ರು, ಮುಖ ನೋಡ್ದೆ.

ಮಾದಪ್ಪ ಕೊಟ್ಟ. ಪಕ್ಕದವರು ಕೊಟ್ರು. ಸಂಜೆ ಹೊತ್ತಿಗೆ ಊರಿನ ಅಜ್ಜಿ ಮುತ್ತಜ್ಜಿಯರ ಒರಳೆಲ್ಲಾ ಸುಣ್ಣ ಬಳಿಸ್ಕೊಂಡು ಸಾಲಾಗಿ ಕೂತ್ವು. ಒಂದೊಂದೂ ಆನೆಮರಿಯಷ್ಟಿತ್ತು. ಸರಿ, ಅದರಲ್ಲಿ ಅರ್ಧ ಕಳೆದೇ ನಂಬಿ.

ಮಾರನೇ ದಿನ ಮೊದಲ ಏಟು ತಿಂದ ಕಾರು ಯಾರದ್ದು ಗೊತ್ತಾ? ಶಿವನಂಜಪ್ಪನವರದ್ದೇ! ಬೀಡಾ ತಗೊಳ್ಳೋಕೆ ಅಂತ ಹಳೇ ಚಾಳೀಲಿ ಎಡಕ್ಕೆ ತಿರುಗಿಸಿದ್ರು. ಧಡ್! ಕಲ್ಲಿನ ಆಚೆ ದೇವೀರಮ್ಮ ಸೈಕಲ್ ನಿಲ್ಲಿಸಿದ್ಲು. ಅವಳಿಗೂ ಕಾರಿಗೂ ಮಧ್ಯೆ ಇದ್ದದ್ದು ಆ ಒರಳೊಂದೇ.

ಶಿವನಂಜಪ್ಪ ಕಾರಿಂದ ಇಳಿದು ಕೈ ಮುಗಿದ್ರು. "ತಪ್ಪಾಯ್ತು ತಾಯಿ."

"ಕಣ್ಣಿತ್ತಲ್ವಾ ಸಾರ್?" ಅಂದ್ಲು ದೇವೀರಮ್ಮ.

ಆಮೇಲೆ ಸಿಮೆಂಟ್ ಕಟ್ಟೆ ಬಂತು. ಒರಳುಗಳು ಮನೆ ಸೇರಿದ್ವು. ಕಾರಿನ ಮೂತಿ ಮೇಲಿನ ತಗ್ಗನ್ನ ಮಾತ್ರ ಶಿವನಂಜಪ್ಪ ಸರಿ ಮಾಡಿಸಲೇ ಇಲ್ಲ. ಮಗಳು ಕೇಳಿದ್ರೆ, "ಇರ್ಲಿ ಬಿಡವ್ವ, ದಿನಾ ಕಣ್ಣಿಗೆ ಬೀಳ್ತಿರ್ಲಿ," ಅಂತಿದ್ರು.

ನೀತಿ: ನಮ್ಮ ಮಗೂನ ಕಳಿಸೋಕೆ ಎದೆ ಹೊಡ್ಕೊಳ್ಳೋ ದಾರೀಲಿ ಇನ್ನೊಬ್ಬರ ಮಕ್ಕಳನ್ನ ಕಳಿಸ್ಬಾರ್ದು. ಬಳಿದ ಗೆರೆ ಯಾರನ್ನೂ ಕಾಯಲ್ಲ, ಅಡ್ಡ ನಿಂತ ಕಲ್ಲು ಕಾಯುತ್ತೆ.