ತೊರೆಕೋಟೆಯ ಕೆಂಪು ಪರದೆ

“ತೊರೆಕೋಟೆಯ ಪ್ರಜೆಗಳೆಲ್ಲ ಕಿವಿಗೊಡಿ! ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಫೈರ್‌ವಾಲಿನ ಅಧಿಕಾರ, ಅವರು ಒಪ್ಪಿದರೆ ಮದುವೆಯೂ ಉಂಟು. ತಪ್ಪು ಹೇಳಿದವರಿಗೆ ತಲೆದಂಡ!” ಎಂದು ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ.

ಇದಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಕಳ್ಳರು ಗೂಢಲಿಪಿಯ ಮಾಹಿತಿಯೊಳಗೆ ವೈರಸ್ ಅಡಗಿಸಿ ಕಳುಹಿಸಿ, ಕಣಜದ ಬೀಗಗಳನ್ನೆಲ್ಲ ಜಡಿದುಬಿಟ್ಟಿದ್ದರು. ಅದಕ್ಕೇ ಎಂಟು ದಿನದ ಹಿಂದೆ ದೊರೆ ಚಾಗಿರಾಜನ ಮಗಳು ಮುದ್ದಾಜಮ್ಮಣ್ಣಿ, ಒಳಬರುವ ಪ್ರತಿಯೊಂದನ್ನೂ ಜಾಲದ ಕಾವಲು ಬಾಗಿಲಾದ ಫೈರ್‌ವಾಲಿನಲ್ಲಿ ಬಿಚ್ಚಿ ನೋಡಿಯೇ ಬಿಡುವ ಏರ್ಪಾಡು ಮಾಡಿದ್ದಳು. ಮಾಡಿದ ದಿನವೇ ಅರಮನೆಯ ಕಂಪ್ಯೂಟರುಗಳೆಲ್ಲ ಕೆಂಪು ಪರದೆ ತೋರಿಸಿ, “ಈ ಸರ್ಟಿಫಿಕೇಟನ್ನು ನಂಬಲಾಗದು” ಎಂದು ಹಟ ಹಿಡಿದವು. ಸರಿಪಡಿಸುತ್ತೇವೆಂದು ಬಂದವರು ಬರೀ ಬೊಗಳೆ ಬಿಟ್ಟು ಹೋದರು. ರೇಗಿದ ದೊರೆ ತಲೆದಂಡದ ಮಾತು ಸೇರಿಸಿದ್ದ. ಸರಿತಪ್ಪು ತೀರ್ಮಾನಿಸಲು ಪಂಡಿತರು ಬೇಡ, ಪರದೆಯೇ ಸಾಕು ಎಂದಿದ್ದಳು ಅಮ್ಮಣ್ಣಿ.

ತುಂಬಿದ ಸಭೆಯಲ್ಲಿ ಆಕೆ ಮೊದಲ ಒಗಟು ಹೇಳಿದಳು: “ಬ್ಯಾಂಕು ಸುಳ್ಳು ಹೇಳಲಿಲ್ಲ, ಕಂಪ್ಯೂಟರು ಕೆಡಲಿಲ್ಲ. ಬ್ಯಾಂಕಿನ ಮಾತು ನನ್ನ ಬಾಗಿಲು ದಾಟಿದೊಡನೆ ಕಂಪ್ಯೂಟರು ಬ್ಯಾಂಕನ್ನೇ ಮೋಸಗಾರ ಎನ್ನುತ್ತದೆ. ನಡುವೆ ಬದಲಾದದ್ದು ಏನು?”

ನೆರೆನಾಡಿನ ರಾಜಕುಮಾರ ವಿಕ್ರಾಂತದೇವ ಮೀಸೆ ತೀಡಿದ. “ಏನೂ ಇಲ್ಲ. ಎಚ್ಚರಿಕೆ ಬಂದರೂ ಮುಂದುವರಿಯಿರಿ ಎಂದು ಎಲ್ಲರಿಗೂ ಹೇಳಿಬಿಡಿ.”

ಅಮ್ಮಣ್ಣಿ ತಾನೇ ಮಾಡಿಸಿದ್ದ ಒಂದು ನಕಲಿ ಬ್ಯಾಂಕಿನ ಪುಟ ತೆರೆದಳು. ಅದರಲ್ಲೂ ಅದೇ ಎಚ್ಚರಿಕೆ! “ಕಳ್ಳನಿಗೂ ಹೀಗೇ ಮುಂದುವರಿಯಲೇ?” ಎಂದಳು. ಸಭೆ ಮುಗಿದ ಮೇಲೆ ತಲೆದಂಡವೆಂದು ಭಟರು ವಿಕ್ರಾಂತದೇವನನ್ನು ಸೆರೆಮನೆಗೆ ಕರೆದೊಯ್ದರು.

ಧನಿಕ ವರ್ತಕ ಪುಟ್ಟಶೆಟ್ಟಿ, “ಯಂತ್ರಗಳೇ ಹಳತು” ಎಂದು ಹತ್ತು ಹೊಸ ಕಂಪ್ಯೂಟರು ತರಿಸಿ ಜೋಡಿಸಿದ. ಹತ್ತೂ ಕೆಂಪಾದವು. ಅವನೂ ಸೆರೆಮನೆ ಸೇರಿದ.

ಆಗ ಛಾವಣಿಯ ಸಂದಿಯಿಂದ ಒಬ್ಬ ಯುವಕ ಏಣಿ ಇಳಿದು ಬಂದ. ಹೆಸರು ಜವರ. ಅರಮನೆಯಲ್ಲಿ ಕೇಬಲ್ ಎಳೆಯುವ ಕೂಲಿ. ಮೈಯೆಲ್ಲ ಧೂಳು, ಕೂದಲಲ್ಲಿ ಜೇಡರ ಬಲೆ.

“ಬುದ್ಧಿ, ಆ ಕೆಂಪು ಪರದೆಯಲ್ಲಿ ಬರೆದಿರೋದನ್ನ ಪೂರ್ತಿ ಓದಬಹುದಾ?”

“ತಲೆ ಭಾರವಾಯಿತೇನಯ್ಯ?” ಎಂದ ದೊರೆ.

“ಇಲ್ಲ ಬುದ್ಧಿ. ಎಲ್ಲರೂ ಅದನ್ನ ಕಂಡ ತಕ್ಷಣ ಮುಚ್ತಾರೆ, ಓದೋರೇ ಇಲ್ಲ.”

ಅಮ್ಮಣ್ಣಿ ಕುರ್ಚಿ ಸರಿಸಿ ಕೊಟ್ಟಳು. ಜವರ ಕೊನೆಯ ಸಾಲಿನವರೆಗೂ ತುಟಿ ಅಲುಗಿಸುತ್ತ ಓದಿದ. “ಅಮ್ಮಣ್ಣಿಯವರೇ, ಬದಲಾಗಿರೋದು ಸಹಿ. ಫೈರ್‌ವಾಲು ಬಿಚ್ಚಿ ನೋಡಿ ಮತ್ತೆ ಮುಚ್ಚುವಾಗ ತನ್ನ ಸಹಿ ಹಾಕುತ್ತೆ. ಆ ಸಹಿ ಯಾರದು ಅಂತ ಈ ಯಂತ್ರಕ್ಕೆ ಯಾರೂ ಹೇಳೇ ಇಲ್ಲ. ಫೈರ್‌ವಾಲಿನ ಮೂಲ ಸರ್ಟಿಫಿಕೇಟನ್ನ, ಅಂದ್ರೆ ಆ ಸಹಿಯ ಗುರುತುಪತ್ರವನ್ನ, ಎಲ್ಲ ಕಂಪ್ಯೂಟರುಗಳ ನಂಬಿಕೆಯ ಪಟ್ಟಿಗೆ ಸೇರಿಸಿ.”

ಸೇರಿಸಿದರು. ಒಂದೊಂದಾಗಿ ಪರದೆಗಳು ತಿಳಿಯಾದವು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಕಲಿ ಬ್ಯಾಂಕಿನ ಸಹಿಯನ್ನು ಫೈರ್‌ವಾಲೇ ನಂಬದ ಕಾರಣ ಆ ಪುಟ ಮಾತ್ರ ಕೆಂಪಾಗಿಯೇ ಉಳಿಯಿತು. ಅಮ್ಮಣ್ಣಿಗೆ ಅದೇ ಹೆಚ್ಚು ಖುಷಿ.

“ಎರಡನೆಯದು. ನೂರು ಕಂಪ್ಯೂಟರುಗಳ ಪಾಲಿಗೆ ಹುಟ್ಟಿರುವ ಸಹಿ, ಉಗ್ರಾಣದ ಒಂದರ ಪಾಲಿಗೆ ಇನ್ನೂ ಹುಟ್ಟಿಲ್ಲವಂತೆ. ಯಾಕೆ?”

ಜವರ ಉಗ್ರಾಣಕ್ಕೆ ಓಡಿ, ಪರದೆಯ ಮೂಲೆಯ ತಾರೀಖು ನೋಡಿ ನಕ್ಕುಬಿಟ್ಟ. “ಇದು ಇನ್ನೂ ಹತ್ತು ವರ್ಷ ಹಿಂದಿದೆ! ಒಳಗಿನ ಪುಟ್ಟ ಸೆಲ್ಲು ಸತ್ತು ಗಡಿಯಾರ ಹಿಂದಕ್ಕೆ ಹೋಗಿದೆ.” ಸೆಲ್ಲು ಬದಲಿಸಿ ತಾರೀಖು ಸರಿಪಡಿಸಿದ. ಕೆಂಪು ಮಾಯವಾಯಿತು.

ಮೂರನೆಯದಕ್ಕೆ ಬಂದಾಗ ಅಮ್ಮಣ್ಣಿಯ ದನಿ ಸಣ್ಣಗಾಯಿತು. ಅವಳ ಅಜ್ಜಿ ಹಾಸಿಗೆ ಹಿಡಿದಿದ್ದರು. ದೂರದ ವೈದ್ಯರು ಒಂದು ಆ್ಯಪ್ ಮೂಲಕವೇ ಅವರನ್ನು ನೋಡುತ್ತಿದ್ದರು. “ಸಹಿ ಕಲಿಸಿದೆ, ಗಡಿಯಾರ ಸರಿಯಿದೆ. ಆದರೂ ನಮ್ಮಜ್ಜಿಯ ಆ್ಯಪ್ ಬಾಯಿಬಿಡುವುದಿಲ್ಲ. ಏನು ಕೊಟ್ಟರೆ ಅದು ಮಾತಾಡೀತು?”

ಜವರ ಫೈರ್‌ವಾಲಿನ ದಾಖಲೆಗಳನ್ನು ಸಾಲು ಸಾಲಾಗಿ ನೋಡಿದ. ದೊರೆಯ ಬೆರಳು ಕತ್ತಿಯ ಹಿಡಿಯ ಮೇಲೆ ಆಡುತ್ತಿತ್ತು.

“ಏನೂ ಕೊಡಬೇಡಿ, ಬಿಚ್ಚದೆ ಬಿಟ್ಟುಬಿಡಿ,” ಎಂದ ಕೊನೆಗೆ. “ಇಲ್ಲಿ ಸಂಪರ್ಕ ಕಡಿಯುತ್ತಿರೋದು ಫೈರ್‌ವಾಲಲ್ಲ, ಆ್ಯಪ್ಪೇ. ಅದನ್ನ ಮಾಡಿದವರು ಆಸ್ಪತ್ರೆಯ ಸಹಿಯೊಂದನ್ನೇ ಅದರೊಳಗೆ ಅಚ್ಚೊತ್ತಿದ್ದಾರೆ. ನಾವು ಎಷ್ಟೇ ಕಲಿಸಿದರೂ ಬೇರೆ ಸಹಿಯನ್ನ ಅದು ಒಪ್ಪಲ್ಲ.”

“ಬಿಚ್ಚದೆ ಬಿಡುವುದೇ? ಕಳ್ಳ ನುಗ್ಗಿದರೆ?” ದೊರೆ ಎದ್ದು ನಿಂತ.

“ಅದು ಆಸ್ಪತ್ರೆಯದೇ ವಿಳಾಸ ಅಂತ ಖಾತ್ರಿ ಮಾಡ್ಕೊಂಡು, ಅದೊಂದಕ್ಕೆ ಮಾತ್ರ ವಿನಾಯಿತಿ ಬುದ್ಧಿ. ಉಳಿದದ್ದಕ್ಕೆಲ್ಲ ತಪಾಸಣೆ ಇದ್ದೇ ಇರುತ್ತೆ. ಅಜ್ಜಿಯ ಕಾಯಿಲೆಯ ಮಾತು ಅವರಿಗೂ ವೈದ್ಯರಿಗೂ ಸೇರಿದ್ದು.”

ಅಮ್ಮಣ್ಣಿ ಆಸ್ಪತ್ರೆಗೆ ಫೋನು ಮಾಡಿ ವಿಳಾಸ ಕೇಳಿ, ತಾಳೆ ನೋಡಿ, ವಿನಾಯಿತಿ ಬರೆದಳು. ಎಲ್ಲರೂ ಅಜ್ಜಿಯ ಕೋಣೆಗೆ ಧಾವಿಸಿದಾಗ ಅಲ್ಲಿನ ಪರದೆ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ಅದರಲ್ಲಿ ವೈದ್ಯರ ಮುಖ ಮೂಡಿತು. “ಅಜ್ಜೀ, ಎಂಟು ದಿನದಿಂದ ನಾಪತ್ತೆ! ಮಾತ್ರೆ ತಗೊಂಡ್ರಾ?”

“ತಗೊಂಡೆ ಕಣಪ್ಪ, ಕಹಿ!” ಎಂದರು ಅಜ್ಜಿ. ಅರಮನೆಯೆಲ್ಲ ನಕ್ಕಿತು. ಅಮ್ಮಣ್ಣಿ ಮಾತ್ರ ಕಣ್ಣೊರೆಸಿಕೊಂಡಳು.

ದೊರೆ ಫೈರ್‌ವಾಲಿನ ಅಧಿಕಾರದ ಮುದ್ರೆಯುಂಗುರವನ್ನು ಜವರನಿಗೆ ತೊಡಿಸಿ, “ಮತ್ತೇನು ಬೇಕು?” ಎಂದ.

“ಸೆರೆಯಲ್ಲಿರೋ ಇಬ್ಬರನ್ನ ಬಿಟ್ಟುಬಿಡಿ ಬುದ್ಧಿ. ತಪ್ಪು ಹೇಳಿದ್ದಕ್ಕೆ ತಲೆ ತೆಗೆದರೆ ನಾಳೆ ಯಾರೂ ಉತ್ತರ ಹುಡುಕಲ್ಲ.”

ದೊರೆ ಒಪ್ಪಿದ. ಬಿಡುಗಡೆಯಾದ ವಿಕ್ರಾಂತದೇವನೂ ಪುಟ್ಟಶೆಟ್ಟಿಯೂ ಬಂದು ಜವರನನ್ನು ತಬ್ಬಿಕೊಂಡರು. ಅವರ ಜರಿಯ ಅಂಗಿಗಳೂ ಧೂಳಾದವು.

“ಇನ್ನು ಮದುವೆಯ ಮಾತು...” ಎಂದ ದೊರೆ.

“ಅದನ್ನ ಅಮ್ಮಣ್ಣಿಯವರನ್ನೇ ಕೇಳಬೇಕು,” ಎಂದು ಜವರ ನೆಲ ನೋಡಿದ.

“ಇಷ್ಟೆಲ್ಲ ಓದಿದವನು ನನ್ನ ಮುಖ ಓದಲಾರೆಯಾ?” ಎಂದಳು ಅವಳು. “ನಡಿ, ಕೈಕಾಲು ತೊಳೆದುಕೋ. ಅಜ್ಜಿ ಊಟಕ್ಕೆ ಕಾಯುತ್ತಿದ್ದಾರೆ.”