ಸರಿಯುತ್ತಲೇ ಇದ್ದ ಗುರುತು

"ಗುರುಗಳೇ, ಕಲಿಯಲಾರದವರಿಗೆ ಎಷ್ಟು ಸಲ ಕಲಿಸಬೇಕು?"

ಕೇಳಿದವನು ಆಶ್ರಮದ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಶಿಷ್ಯ ಸಿದ್ಧವೀರ. ಒಬ್ಬ ಹುಡುಗಿಗೆ ಭಾಗಾಕಾರ ಹೇಳಿ ಹೇಳಿ ಅವನಿಗೆ ರೋಸಿಹೋಗಿತ್ತು. ನಿನ್ನೆ ಬಂದದ್ದು ಅವಳಿಗೆ ಇವತ್ತು ಬರುತ್ತಿರಲಿಲ್ಲ. ಅವಳನ್ನು ಶಾಲೆ ಬಿಡಿಸಿ ಊರಿಗೆ ಕಳಿಸುವುದೇ ಲೇಸು ಎಂದು ಅವನು ಆಗಲೇ ತೀರ್ಮಾನಿಸಿದ್ದ. ಗುರುಗಳ ಒಪ್ಪಿಗೆಯೊಂದು ಬೇಕಿತ್ತು.

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೈ ಚುರುಕು, ಸಿಟ್ಟೂ ಚುರುಕು. ಅದೇ ಊರಿನಲ್ಲಿ ಒಬ್ಬ ನರ್ಸ್ ಇದ್ದಳು. ಸುತ್ತಲ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದಳು. ಹೋಗಿಬರಲು ಅವಳಿಗೊಂದು ಹಳೆಯ ಕಾರಿತ್ತು. ಅದರ ಎಂಜಿನ್ನಿನಲ್ಲಿ ಕಟಕಟ ಸದ್ದು ಶುರುವಾಯಿತು. ಒಂದು ಬೆಳಿಗ್ಗೆ ಅವಳು ಕಾರನ್ನು ತಂದು ಮೆಕ್ಯಾನಿಕ್ಕಿಗೆ ಒಪ್ಪಿಸಿದಳು.

ಅವನು ಬಿಚ್ಚಿ ನೋಡಿದ. ಟೈಮಿಂಗ್ ಚೈನು ಸವೆದು ಜೋತುಬಿದ್ದಿತ್ತು. ಎಂಜಿನ್ನಿನಲ್ಲಿ ಕೆಳಗೊಂದು ಹಲ್ಲಿನ ಚಕ್ರ, ಮೇಲೊಂದು ಹಲ್ಲಿನ ಚಕ್ರ. ಕೆಳಗಿನದು ಪಿಸ್ಟನ್ನುಗಳ ಜೊತೆ ತಿರುಗುತ್ತದೆ. ಮೇಲಿನದು ಕ್ಯಾಮ್‌ಶಾಫ್ಟ್ ಎಂಬ ದಂಡವನ್ನು ತಿರುಗಿಸಿ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಎರಡನ್ನೂ ಜೊತೆಯಲ್ಲಿ ನಡೆಸುವುದು ಆ ಚೈನು. ಚಕ್ರಗಳ ಮೇಲೆ ಗುರುತುಗಳಿವೆ. ಅವು ತಮ್ಮ ಜಾಗದಲ್ಲಿ ನಿಂತಿರುವಾಗ ಚೈನು ಕೂರಿಸಬೇಕು. ತೀರಾ ಹೆಚ್ಚುಕಡಿಮೆಯಾದರೆ, ವಾಲ್ವು ಮುಚ್ಚುವ ಮೊದಲೇ ಪಿಸ್ಟನ್ ಬಂದು ಗುದ್ದುತ್ತದೆ. ಎಂಜಿನ್ ಹಾಳಾಗುತ್ತದೆ.

ಮೆಕ್ಯಾನಿಕ್ಕಿಗೆ ಇದೆಲ್ಲ ಗೊತ್ತಿತ್ತು. ಗುರುತು ಕೂಡಿಸಿದ. ಹೊಸ ಚೈನು ಹಾಕಿದ. ಚೈನಿನ ಒಂದು ಬದಿಯನ್ನು ಒತ್ತಿ ಹಿಡಿಯುವ ಟೆನ್ಷನರನ್ನು ಬಿಗಿ ಮಾಡಿದ. ಸ್ಟಾರ್ಟ್ ಮಾಡುವ ಮುಂಚೆ ಸ್ಪ್ಯಾನರಿನಿಂದ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ ನೋಡಿದ. ಮೇಲಿನ ಗುರುತು ಒಂದು ಹಲ್ಲು ಹಿಂದೆ ಸರಿದಿತ್ತು.

ಬಿಚ್ಚಿದ. ಮತ್ತೆ ಕೂಡಿಸಿದ. ಮತ್ತೆ ಬಿಗಿ ಮಾಡಿದ. ಮತ್ತೆ ಒಂದು ಹಲ್ಲು ಹಿಂದೆ.

ಚೈನನ್ನು ಬೈದ. ಅಂಗಡಿಗೆ ಹೋಗಿ ಬೇರೆ ಚೈನು ತಂದ. ಅದೂ ಹಾಗೇ ಮಾಡಿತು. ಚಕ್ರವನ್ನು ಬೈದ, ಚಕ್ರ ಮಾಡಿದವನನ್ನು ಬೈದ, ಇಂಥ ಕಾರನ್ನು ಇಟ್ಟುಕೊಂಡವರನ್ನೂ ಬೈದ. ಸ್ಪ್ಯಾನರನ್ನು ಗೋಡೆಗೆ ಎಸೆದ, ತಾನೇ ಹೋಗಿ ಎತ್ತಿಕೊಂಡು ಬಂದ. ಊಟಕ್ಕೆ ಏಳಲಿಲ್ಲ. ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ ಹಾಕಿದ, ಹಿಂದಿನದಕ್ಕಿಂತ ಗಟ್ಟಿಯಾಗಿ ಬಿಗಿದ. ಪ್ರತಿ ಸಲವೂ ಅದೇ ಒಂದು ಹಲ್ಲು.

ಮಧ್ಯಾಹ್ನ ನರ್ಸ್ ಓಡೋಡಿ ಬಂದಳು. ದೂರದ ಒಂದು ಹಟ್ಟಿಯಲ್ಲಿ ಚೊಚ್ಚಲ ಬಸುರಿಗೆ ನೋವು ಶುರುವಾಗಿತ್ತು.

"ಅಣ್ಣಾ, ಗಾಡಿ ಆಯ್ತಾ?"

"ಎಲ್ಲಿ ಆಗುತ್ತೆ ಅಕ್ಕಾ! ನಾನು ಸರಿಯಾಗೇ ಹಾಕ್ತಿದ್ದೀನಿ. ಈ ಹಾಳಾದ ಚೈನು ನಿಲ್ಲೋದೇ ಇಲ್ಲ ಅಂತಿದೆ. ನನಗೂ ಸಾಕಾಗಿ ಹೋಗಿದೆ. ಬೇರೆ ಯಾರ ಹತ್ತಿರನಾದ್ರೂ ಮಾಡಿಸ್ಕೊಳ್ಳಿ."

ಅವಳು ಬಿಚ್ಚಿಟ್ಟ ಎಂಜಿನ್ನನ್ನು ಒಮ್ಮೆ ನೋಡಿದಳು. ಮಾತಾಡಲು ಹೊತ್ತಿರಲಿಲ್ಲ. ರಸ್ತೆಗೆ ಓಡಿ, ಇಟ್ಟಿಗೆ ಹೇರಿಕೊಂಡು ಹೊರಟಿದ್ದ ಒಂದು ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದು ಹತ್ತಿದಳು.

ಟ್ರ್ಯಾಕ್ಟರ್ ಮರೆಯಾಗುವವರೆಗೂ ಮೆಕ್ಯಾನಿಕ್ ನೋಡುತ್ತ ನಿಂತ. ಅದು ಬಹಳ ನಿಧಾನವಾಗಿ ಹೋಗುತ್ತಿತ್ತು. ಅವನು ಒಳಗೆ ಬಂದು ಮತ್ತೆ ಕೆಲಸಕ್ಕೆ ಕೂತ. ಬೈಯಲು ತ್ರಾಣ ಉಳಿದಿರಲಿಲ್ಲ. ತೋಳುಗಳು ಸೋತಿದ್ದವು. ಮೊದಲಿನಂತೆ ಒಂದೇ ಉಸಿರಿಗೆ ಬಿಗಿಯಲಾಗದೆ ಟೆನ್ಷನರಿನ ಬೋಲ್ಟನ್ನು ಚೂರುಚೂರೇ ತಿರುಗಿಸಿದ. ಬೋಲ್ಟಿನ ಮೇಲೆಯೇ ಇರುತ್ತಿದ್ದ ಅವನ ಕಣ್ಣು ಆಗ ಚಕ್ರದ ಕಡೆ ಹೋಯಿತು.

ಅವನು ನೋಡುತ್ತಿದ್ದಂತೆಯೇ ಗುರುತು ಸರಿಯಿತು.

ಕೈ ನಿಲ್ಲಿಸಿದ. ಬಗ್ಗಿ ನೋಡಿದ. ಟೆನ್ಷನರ್ ಇಲ್ಲದ ಬದಿಯಲ್ಲಿ ಚೈನು ಸ್ವಲ್ಪ ಸಡಿಲ ಉಳಿದಿತ್ತು. ಟೆನ್ಷನರಿನ ಈ ಬದಿಯಿಂದ ಬಿಗಿದಾಗ ಆ ಸಡಿಲವೆಲ್ಲ ಮೇಲಿನ ಚಕ್ರವನ್ನು ತಿರುಗಿಸಿಕೊಂಡು ಈಚೆಗೆ ಬರುತ್ತಿತ್ತು. ಬೆಳಗಿನಿಂದ ಗುರುತನ್ನು ಸರಿಸುತ್ತಿದ್ದದ್ದು ಅವನ ಕೈಯೇ.

ಚೈನು ತೆಗೆದು ಮತ್ತೆ ಗುರುತು ಕೂಡಿಸಿದ. ಆ ಬದಿಯನ್ನು ಮೊದಲು ಎಳೆದು ನೆಟ್ಟಗೆ ಕೂರಿಸಿದ. ಸಡಿಲವನ್ನೆಲ್ಲ ಟೆನ್ಷನರಿನ ಬದಿಗೇ ಬಿಟ್ಟ. ಹದವಾಗಿ ಬಿಗಿದ. ಎಂಜಿನ್ನನ್ನು ಕೈಯಿಂದ ತಿರುಗಿಸಿದ. ಗುರುತು ಕದಲಲಿಲ್ಲ.

ಉಳಿದದ್ದನ್ನು ಜೋಡಿಸಿ, ಕಾರನ್ನು ತಾನೇ ಓಡಿಸಿಕೊಂಡು ಹಟ್ಟಿಗೆ ಹೋದ. ನರ್ಸ್ ಅಲ್ಲಿಗೆ ಮುಟ್ಟುವ ಮೊದಲೇ ಮಗು ಹುಟ್ಟಿತ್ತು. ಅಳುತ್ತಿತ್ತು. ತಾಯಿಗೆ ಮಾತ್ರ ರಕ್ತ ನಿಲ್ಲುತ್ತಿರಲಿಲ್ಲ. ನರ್ಸ್ ತನ್ನ ಕೈಲಾದದ್ದನ್ನೆಲ್ಲ ಮಾಡಿ, ಆಸ್ಪತ್ರೆಗೆ ಸಾಗಿಸಲು ದಾರಿ ಕಾಣದೆ ಬಾಗಿಲಲ್ಲಿ ನಿಂತಿದ್ದಳು. ಬಾಣಂತಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಮೆಕ್ಯಾನಿಕ್ ಕನ್ನಡಿಯಲ್ಲಿ ಹಿಂದಕ್ಕೆ ನೋಡಲು ಹೆದರಿದ.

ತಾಯಿ ಉಳಿದಳು. ಮತ್ತೆ ಎದ್ದು ಓಡಾಡಲು ಅವಳಿಗೆ ಬಹಳ ಕಾಲ ಹಿಡಿಯಿತು.

ಆಸ್ಪತ್ರೆಯ ಹೊರಗೆ ಕೂತಿದ್ದಾಗ ನರ್ಸ್ ಕೇಳಿದಳು, "ಚೈನಿಗೆ ಏನಾಗಿತ್ತಣ್ಣ?"

"ಹೊಸ ಚೈನು ಚೆನ್ನಾಗೇ ಇತ್ತು ಅಕ್ಕಾ," ಎಂದ ಮೆಕ್ಯಾನಿಕ್. "ಬಿಗಿ ಮಾಡುವಾಗ ನಾನೇ ಆ ಕಡೆ ನೋಡ್ತಿರಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು.

ಸಿದ್ಧವೀರನಿಗೆ ಮೆಕ್ಯಾನಿಕ್ಕಿನ ಮೇಲೆ ಸಿಟ್ಟು ಬಂದಿತ್ತು. "ಎಂಥವನು ಗುರುಗಳೇ ಅವನು! ಬೆಳಗಿನಿಂದ ಅದೇ ಕೆಲಸ ಮಾಡುತ್ತಿದ್ದಾನೆ. ಎಲ್ಲಿ ತಪ್ಪುತ್ತಿದೆ ಎಂದು ಒಂದು ಸಲ ನಿಂತು ನೋಡುವುದಕ್ಕೆ ಏನಾಗಿತ್ತು?"

ಗುರುಗಳು ಕೇಳಿದರು, "ಆ ಹುಡುಗಿಯ ಭಾಗಾಕಾರ ಯಾವ ಹಂತದಲ್ಲಿ ತಪ್ಪುತ್ತದೆ, ಹೇಳು."