ನೂಲಿನಲ್ಲಿ ಕಟ್ಟಿದ ಕಲ್ಲು

ಕಡಲಂಚಿನ ಬಂಡೆಯ ಮೇಲೆ ಕೂತು ಬೊಮ್ಮಯ್ಯ ರಾತ್ರಿಯ ಮೀನಿಗೆ ಸಿದ್ಧನಾಗುತ್ತಿದ್ದ. ಗಾಳವನ್ನು ತನಗಿದ್ದ ಒಂದೇ ಒಂದು ನೈಲಾನ್ ದಾರಕ್ಕೆ ಬಿಗಿದ. ದಾರ ಮುಳುಗಲೆಂದು ಅದರ ತುದಿಗೊಂದು ಕಲ್ಲನ್ನು ಹತ್ತಿಯ ನೂಲಿನಲ್ಲಿ ಕಟ್ಟಿದ.

ಗಾಳ ನಕ್ಕಿತು. "ನೋಡಿದೆಯಾ ಕಲ್ಲಪ್ಪ, ನನಗೆ ನೈಲಾನು, ನಿನಗೆ ಹೂ ಕಟ್ಟುವ ನೂಲು. ಯಾರ ಯೋಗ್ಯತೆ ಎಷ್ಟೆಂದು ಯಜಮಾನನಿಗೆ ಗೊತ್ತಿದೆ."

"ಹೂವಿನ ನೂಲು ದೇವರ ಕೊರಳಿಗೂ ಹೋಗುತ್ತದಲ್ಲ ಅಣ್ಣ," ಎಂದಿತು ಕಲ್ಲು. ಬಾಯಲ್ಲಿ ಹಾಗೆಂದರೂ ಅದರ ಮನಸ್ಸು ಕುಗ್ಗಿತ್ತು. 'ಸ್ವಾಮಿ, ನನ್ನಿಂದಲೂ ಒಂದು ಕೆಲಸ ಮಾಡಿಸು' ಎಂದು ಒಳಗೊಳಗೇ ಬೇಡಿಕೊಂಡಿತು.

ಬೊಮ್ಮಯ್ಯ ಬೀಸಿ ಎಸೆದ. ಚೂಪು ಹಲ್ಲಿನ ದೊಡ್ಡ ನೀಲಿ ಮೀನೊಂದು ಗಾಳ ಕಚ್ಚಿ ಬಂಡೆಗಳ ಸಂದಿಗೆ ನುಗ್ಗಿತು. ಕಲ್ಲು ಅಲ್ಲಿನ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಬೊಮ್ಮಯ್ಯ ಎಳೆದಷ್ಟೂ ದಾರ ಬಿಗಿಯಿತು.

"ಬಿಡೋ ಮಾರಾಯ, ದಾರ ಹರಿದರೆ ಮೀನೂ ಇಲ್ಲ, ನಾನೂ ಇಲ್ಲ," ಎಂದು ಗಾಳ ಕಲ್ಲಿಗೆ ಗೋಗರೆಯಿತು.

ತನಗೆ ನೂಲೇ ಯಾಕೆಂದು ಕಲ್ಲಿಗೆ ಆಗ ಹೊಳೆಯಿತು. ಇಂಥ ಹೊತ್ತಿಗೆ ದಾರದ ಬದಲು ನೂಲೇ ಹರಿಯಲೆಂದು ಭಗವಂತ ಬೊಮ್ಮಯ್ಯನ ಕೈಗೆ ಬುದ್ಧಿ ಕೊಟ್ಟಿದ್ದ.

"ಹೋಗಿ ಬಾ ಅಣ್ಣ, ಮೀನು ಜೋಪಾನ," ಎಂದು ಕಲ್ಲು ಕದಲದೆ ಕೂತಿತು. ನೂಲು ಪಟ್ಟನೆ ಹರಿಯಿತು. ಗಾಳವೂ ಮೀನೂ ದಡ ಸೇರಿದವು.

ಬಿರುಕಿನಿಂದ ಏಡಿಯೊಂದು ಇಣುಕಿತು. "ಪಾಪ, ನಿನ್ನನ್ನು ಬಿಟ್ಟೇ ಹೋದರಲ್ಲ."

"ನಾನು ಬಿಟ್ಟದ್ದಕ್ಕೇ ಅವರು ಹೋದದ್ದು ತಮ್ಮ," ಎಂದಿತು ಕಲ್ಲು ಹೆಮ್ಮೆಯಿಂದ. "ಸ್ವಲ್ಪ ಜರುಗು, ಇನ್ನು ನಾನು ಇಲ್ಲೇ ಇರುವವನು."